ಆ ಒಂದು ರಾತ್ರಿ ಮಲಗಿದರೆ ಸಾಲದು

ಓದುಗರ ಪತ್ರ: "ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ಕಳೆದ ಸೆಮಿಸ್ಟರ್ ಪೂರ್ತಿ ರಾತ್ರಿ ಎರಡರವರೆಗೆ ಓದಿದ್ದೇನೆ. ಬೆಳಿಗ್ಗೆ ಏಳಕ್ಕೆ ಏಳಲೇಬೇಕು. ಪರೀಕ್ಷೆಯ ಹಿಂದಿನ ದಿನ ಮಾತ್ರ ಅಮ್ಮನ ಮಾತು ಕೇಳಿ ಹತ್ತಕ್ಕೇ ಮಲಗಿದೆ. ಆದರೂ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಓದಿದ್ದು ನೆನಪಿಗೆ ಬರಲಿಲ್ಲ. ನನ್ನಷ್ಟೇ ಕಡಿಮೆ ಮಲಗುವ ಗೆಳತಿಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬಂದಿದೆ. ನಿದ್ದೆಗೂ ಮಾರ್ಕ್ಸಿಗೂ ನಿಜವಾಗಿ ಸಂಬಂಧ ಇದೆಯಾ?"

ಸಂಪಾದಕರ ಉತ್ತರ:

ಸಂಬಂಧ ಇದೆ. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ಅಮೆರಿಕದ ಎಂ.ಐ.ಟಿ. ಎಂಬ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಸಾಯನಶಾಸ್ತ್ರದ ಒಂದು ತರಗತಿಯ ವಿದ್ಯಾರ್ಥಿಗಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ, ಇಡೀ ಸೆಮಿಸ್ಟರ್ ಅವರ ನಿದ್ದೆಯನ್ನು ದಾಖಲಿಸಿದರು. ಕೊನೆಗೆ 88 ಮಂದಿಯ ಲೆಕ್ಕ ಸಿಕ್ಕಿತು. ಎಷ್ಟು ಹೊತ್ತು ಮಲಗಿದರು, ಎಷ್ಟು ಚೆನ್ನಾಗಿ ಮಲಗಿದರು, ದಿನಾ ಒಂದೇ ಕ್ರಮದಲ್ಲಿ ಮಲಗಿದರಾ ಎಂಬ ಮೂರನ್ನೂ ಸೇರಿಸಿ ನೋಡಿದಾಗ, ಅವರ ಅಂಕಗಳಲ್ಲಿದ್ದ ಏರುಪೇರಿನ ಸುಮಾರು ಕಾಲು ಭಾಗ ನಿದ್ದೆಯ ಏರುಪೇರಿನೊಂದಿಗೆ ತಾಳೆಯಾಯಿತು. ಅದೇ ಅಧ್ಯಯನದಲ್ಲಿ, ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧವೇ ಕಾಣಲಿಲ್ಲ. ಸಂಬಂಧ ಕಂಡಿದ್ದು ಅದಕ್ಕೂ ಮುಂಚಿನ ವಾರದ, ತಿಂಗಳ ನಿದ್ದೆಯೊಂದಿಗೆ.

ಇಂಥ ಅಧ್ಯಯನ ನಿದ್ದೆಯೇ ಕಾರಣ ಅಂತ ಸಾಬೀತು ಮಾಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮನಸ್ಸು ನೆಮ್ಮದಿಯಾಗಿದ್ದವರಿಗೆ ನಿದ್ದೆಯೂ ಬರಬಹುದು, ಓದೂ ಹತ್ತಬಹುದು. ಆದರೆ ನಿದ್ದೆಗೂ ನೆನಪಿಗೂ ಇರುವ ನಂಟಿಗೆ ಬೇರೆ ಕಡೆಯಿಂದಲೂ ಸಾಕಷ್ಟು ಆಧಾರ ಇದೆ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದ್ದರು. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿಸಿ, ಒಮ್ಮೆ ಮಲಗಲು ಬಿಟ್ಟರು, ಇನ್ನೊಮ್ಮೆ ಅಷ್ಟೇ ಹೊತ್ತು ಎಚ್ಚರ ಇರಲು ಬಿಟ್ಟರು. ಮಲಗಿ ಎದ್ದ ಮೇಲೆ ಜಾಸ್ತಿ ನೆನಪಿತ್ತು.

ಹಗಲು ಓದಿದ್ದು ಮೊದಲು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಆಸರೆಯಲ್ಲಿ ಇರುತ್ತದೆ. ಅಲ್ಲಿ ಅದು ಇನ್ನೂ ಹಸಿ. ಗಾಢ ನಿದ್ದೆಯಲ್ಲಿ ಮೆದುಳು ಅದನ್ನು ಮತ್ತೆ ಮತ್ತೆ ತಿರುವಿಹಾಕಿ ಗಟ್ಟಿ ಮಾಡುತ್ತದೆ. ಈ ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು. ಕನಸು ಜಾಸ್ತಿ ಬೀಳುವ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು. ಐದೇ ಗಂಟೆ ಮಲಗಿದಾಗ ದೇಹ ಗಾಢ ನಿದ್ದೆಯನ್ನು ಹೇಗೋ ಉಳಿಸಿಕೊಳ್ಳುತ್ತದೆ, ಪೆಟ್ಟು ಬೀಳುವುದು ಹೆಚ್ಚಾಗಿ ಉಳಿದ ನಿದ್ದೆಗೆ. ಓದಿದ್ದು ಗಟ್ಟಿಯಾಗುವುದರಲ್ಲಿ ಅದರ ಪಾಲೂ ಇದೆ. ಅಕ್ಟೋಬರಿನಲ್ಲಿ ಓದಿದ ಪಾಠಕ್ಕೆ ಅಕ್ಟೋಬರಿನ ನಿದ್ದೆಯೇ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಹತ್ತಕ್ಕೆ ಮಲಗಿ ಆ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಲು ಆಗುವುದಿಲ್ಲ.

ಇನ್ನೊಂದು ಮಾತು. ಹತ್ತಕ್ಕೆ ಮಲಗಿದೆ ಅಂದಿರಿ, ನಿದ್ದೆ ಎಷ್ಟಕ್ಕೆ ಹತ್ತಿತು ಅಂತ ಬರೆದಿಲ್ಲ. ತಿಂಗಳುಗಟ್ಟಲೆ ಎರಡಕ್ಕೆ ಮಲಗಿ ರೂಢಿಯಾದ ದೇಹ ಒಂದೇ ದಿನಕ್ಕೆ ಹತ್ತಕ್ಕೆ ಒಗ್ಗುವುದಿಲ್ಲ. ಮಗ್ಗುಲು ಬದಲಿಸುತ್ತಾ, ಗಡಿಯಾರ ನೋಡುತ್ತಾ, ಇಷ್ಟು ಹೊತ್ತು ಓದಿದ್ದರೂ ಆಗುತ್ತಿತ್ತಲ್ಲ ಅಂತ ಸಂಕಟಪಟ್ಟಿರಬಹುದು. ಅಲ್ವಾ?

ನನ್ನ ಕಾಲೇಜಿನ ಒಂದು ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಅದರ ಒಂದು ಪುಟದಲ್ಲಿ ಮೇಲಿನ ಸಾಲುಗಳು ದುಂಡಗೆ, ಗೆರೆಯ ಮೇಲೆ ನೇರವಾಗಿ ಕೂತಿವೆ. ನಡುವಿಗೆ ಬರುವಷ್ಟರಲ್ಲಿ ಅಕ್ಷರ ಕೆಳಗೆ ಜಾರುತ್ತದೆ. ಒತ್ತಕ್ಷರಗಳು ಬಿಟ್ಟುಹೋಗಿವೆ. ಒಂದೇ ವಾಕ್ಯ ಎರಡು ಸಲ ಇದೆ. ಕೊನೆಯಲ್ಲಿ ಪೆನ್ನು ಸುಮ್ನೆ ಒಂದು ಗೆರೆ ಎಳೆದು ನಿಂತಿದೆ. ಆ ರಾತ್ರಿ ಎರಡು ಗಂಟೆ ಹೆಚ್ಚು ಓದಿದೆ ಎಂಬ ಸಮಾಧಾನ ಇತ್ತು. ಮಾರನೆಯ ದಿನ ಪುಟದ ಕೆಳಗಿನ ಅರ್ಧ ನಾನು ಓದೇ ಇಲ್ಲವೇನೋ ಎನ್ನುವಷ್ಟು ಹೊಸದಾಗಿ ಕಂಡಿತು. ನಿಮ್ಮ ನೋಟ್ಸನ್ನೂ ಒಮ್ಮೆ ತೆಗೆದು ನೋಡಿ. ರಾತ್ರಿ ಹನ್ನೆರಡರ ನಂತರ ಬರೆದ ಪುಟ ಯಾವುದು ಅಂತ ಗೊತ್ತಾಗಿಬಿಡುತ್ತದೆ.

ಇನ್ನು ನಿಮ್ಮ ಗೆಳತಿ. ಎಲ್ಲರ ದೇಹವೂ ಒಂದೇ ಥರ ಇರುವುದಿಲ್ಲ. ನಿದ್ದೆಗೇಡನ್ನು ತಡೆದುಕೊಳ್ಳುವ ಶಕ್ತಿ ಕೆಲವರಿಗೆ ಜಾಸ್ತಿ. ಆದರೆ 'ನನಗೇನೂ ಆಗಲ್ಲ' ಎಂದು ಯಾರಾದರೂ ಹೇಳಿದರೆ ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಕಾರಣ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅದರಲ್ಲಿ ಕೆಲವರಿಗೆ ಎರಡು ವಾರ ದಿನಕ್ಕೆ ಆರು ಗಂಟೆ ಮಾತ್ರ ಮಲಗಲು ಅವಕಾಶ ಇತ್ತು. ದಿನ ಕಳೆದಂತೆ ಅವರ ಗಮನ ತಪ್ಪುವುದು ಹೆಚ್ಚುತ್ತಲೇ ಹೋಗಿ, ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಆದರೆ ಕೇಳಿದರೆ, ಅಷ್ಟೇನೂ ನಿದ್ದೆ ಬರುತ್ತಿಲ್ಲ ಎಂದೇ ಹೇಳುತ್ತಿದ್ದರು. ತನಗೆ ಎಷ್ಟು ನಷ್ಟ ಆಗಿದೆ ಎಂಬುದು ನಿದ್ದೆಗೆಟ್ಟವರಿಗೇ ತಿಳಿಯುವುದಿಲ್ಲ. ನಿಮ್ಮ ಗೆಳತಿ ಏಳು ಗಂಟೆ ಮಲಗಿದ್ದರೆ ಎಷ್ಟು ತೆಗೆಯುತ್ತಿದ್ದಳೋ ನೋಡಿದವರಿಲ್ಲ.

ರಾತ್ರಿ ಬೇಗ ನಿದ್ದೆ ಬಾರದಿರುವುದು ನಿಮ್ಮ ಸೋಮಾರಿತನವೂ ಅಲ್ಲ, ಶಿಸ್ತಿನ ಕೊರತೆಯೂ ಅಲ್ಲ. ನಿದ್ದೆಯ ಹೊತ್ತು ಬಂತು ಎಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ತಡವಾಗಿ ಏರುತ್ತದೆ. ಬೆಳಿಗ್ಗೆ ಎಂಟಕ್ಕೆ ಕ್ಲಾಸ್ ಇಟ್ಟು, ಮಧ್ಯರಾತ್ರಿಗೆ ಅಸೈನ್‌ಮೆಂಟ್ ಕೊಡಬೇಕು ಅನ್ನುವ ಕಾಲೇಜುಗಳೂ ಇದನ್ನು ಯೋಚಿಸಬೇಕು. ಮಕ್ಕಳು ತೂಕಡಿಸುತ್ತಾರೆ ಎಂದು ಬೈದರೆ ಏನು ಬಂತು?

ನಿಮ್ಮ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ನೀವು ಈಗ ಮಾಡುತ್ತಿರುವುದು ಐದು. ಏಳುವ ಹೊತ್ತು ಏಳಕ್ಕೇ ಇರಲಿ, ರಜೆಯ ದಿನವೂ ಅದನ್ನು ತುಂಬಾ ಮುಂದಕ್ಕೆ ತಳ್ಳಬೇಡಿ. ಮಲಗುವ ಹೊತ್ತನ್ನು ಮಾತ್ರ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಎದ್ದ ಕೂಡಲೇ ಬೆಳಕಿಗೆ ಬನ್ನಿ, ದೇಹದ ಗಡಿಯಾರ ಸರಿಹೋಗುವುದು ಮುಖ್ಯವಾಗಿ ಅದರಿಂದಲೇ. ಕಾಫಿ, ಟೀ ಮಧ್ಯಾಹ್ನಕ್ಕೇ ಮುಗಿಯಲಿ. ಕುಡಿದು ಐದಾರು ಗಂಟೆಯಾದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಇಷ್ಟು ಮಾಡಿಯೂ ವಾರಗಟ್ಟಲೆ ನಿದ್ದೆ ಹತ್ತದಿದ್ದರೆ, ಅಥವಾ ಎಂಟು ಗಂಟೆ ಮಲಗಿದರೂ ಹಗಲೆಲ್ಲ ಕಣ್ಣು ಎಳೆಯುತ್ತಿದ್ದರೆ, ಡಾಕ್ಟರ ಹತ್ತಿರ ಹೋಗಿ. ಸಂಕೋಚ ಬೇಡ.

ಓದುವ ಹೊತ್ತು ಕಡಿಮೆ ಆಗುತ್ತಲ್ಲ ಎಂಬ ಭಯ ನಿಮಗೆ ಖಂಡಿತ ಬರುತ್ತದೆ. ಅದಕ್ಕೆ ಒಂದು ಕೆಲಸ ಮಾಡಿ. ಒಂದು ದಿನ ಎರಡರವರೆಗೆ ಓದಿ, ಮಾರನೆಯ ಬೆಳಿಗ್ಗೆ ಪುಸ್ತಕ ಮುಚ್ಚಿಟ್ಟು ನೆನಪಿರುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹಾಳೆಗೆ ದಿನಾಂಕ ಹಾಕಿ ಎತ್ತಿಡಿ. ಮೂರು ವಾರ ಸರಿಯಾಗಿ ಮಲಗಿದ ಮೇಲೆ ಅಷ್ಟೇ ಉದ್ದದ, ಅಷ್ಟೇ ಕಷ್ಟದ ಇನ್ನೊಂದು ಪಾಠ ಓದಿ, ಹೊತ್ತಿಗೆ ಸರಿಯಾಗಿ ಮಲಗಿ, ಬೆಳಿಗ್ಗೆ ಹಾಗೆಯೇ ಬರೆಯಿರಿ. ಎರಡೂ ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿ, ನಮಗೂ ಒಂದು ಸಾಲು ಬರೆಯಿರಿ.