ಗಾಲಿ ಮೊದಲ ತಿರುಗಿಸಿ ವಿಮಾನ ಇಳಿಸಬಾರದೇನ್ರಿ ಅಂತ ಕೇಳಿದ್ದಕ್ಕ

ಸರ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಾಗ ವಿಮಾನ ಇಳಿಯೂವಾಗ ಟೈರಿನಿಂದ ಹೊಗೆ ಏಳೂದು ನೋಡಿ, ಮೋಟರ್ ಹಚ್ಚಿ ಗಾಲಿ ಮೊದಲ ತಿರುಗಿಸಿದ್ರ ಟೈರ್ ಉಳೀತಾವಲ್ಲ ಅಂತ ಕೇಳೀರಿ. ಛಲೋ ಪ್ರಶ್ನೆ ರೀ, ಈ ವಿಚಾರಕ್ಕ ಹಳೇ ಪೇಟೆಂಟೂ ಅದಾವ, ಆದ್ರ ಲೆಕ್ಕ ಕೂಡಂಗಿಲ್ಲ. ಬೋಯಿಂಗ್ 737, ಏರ್‌ಬಸ್ ಎ320 ಅಂಥ ಪ್ರಯಾಣಿಕರ ವಿಮಾನ ಇಳಿಯೂವಾಗ ತಾಸಿಗೆ ಸುಮಾರು 240-250 ಕಿಮೀ ಸ್ಪೀಡ್ ಇರ್ತೈತಿ, ನಿಂತ ಗಾಲಿ ನೆಲಕ್ಕ ಹತ್ತಿದ ಕೂಡ್ಲೇ ಜಾರಿ ಮ್ಯಾಲಿನ ರಬ್ಬರ್ ಸುಡ್ತೈತಿ, ಅಷ್ಟರಾಗ ಗಾಲಿ ತಿರುಗಾಕ ಹತ್ತಿರ್ತೈತಿ, ಹೊಗೆ ಅಲ್ಲಿಗೇ ಮುಗೀತು. ಬ್ರೇಕ್ ಹಾಕಿದಾಗ, ಟ್ಯಾಕ್ಸಿವೇದಾಗ ಹೊಳ್ಳೂವಾಗನೂ ಟೈರ್ ಸವೀತಾವ, ಅದನ್ನ ಮೋಟರ್ ತಡಿಯಂಗಿಲ್ಲ, ಮ್ಯಾಲೆ ಆ ಮೋಟರಿನ ಭಾರ ದಿನಾ ಹೊತ್ತು ಹಾರಬೇಕು. ಸವೆದ ಟೈರಿಗೆ ರಿಟ್ರೆಡ್ ಮಾಡಿ, ಅಂದ್ರ ಮ್ಯಾಲೆ ಹೊಸ ರಬ್ಬರ್ ಪದರು ಕೂಡಿಸಿ, ಮತ್ತ ಹಾಕ್ತಾರ, ಅದ ಸೋವಿ.

ನನ್ನ ಕೇಳಿದ್ರ ಟೈರಿಗೆ ಖರೇ ಪರೀಕ್ಷೆ ಟೇಕಾಫ್‌ನ್ಯಾಗ. ಟ್ಯಾಂಕ್ ತುಂಬ ಇಂಧನ, ಪೂರ್ತಿ ಲೋಡ್, ಸ್ಪೀಡ್ ಏರ್ಕೋತನ ಹೋಗ್ತೈತಿ. 2000ದಾಗ ಪ್ಯಾರಿಸ್ಸಿನ್ಯಾಗ ಕಾಂಕಾರ್ಡ್ ಅನ್ನೂ ಜೆಟ್ ವಿಮಾನ ಬಿದ್ದದ್ದು ಹಿಂಗ ಟೇಕಾಫ್ ಹೊತ್ತಿನ್ಯಾಗ, ರನ್‌ವೇ ಮ್ಯಾಲೆ ಬಿದ್ದಿದ್ದ ಒಂದು ಲೋಹದ ಪಟ್ಟಿ ಟೈರ್ ಸೀಳಿ, ಅದರ ಚೂರು ರೆಕ್ಕಿಗೆ ಬಡದು ಟ್ಯಾಂಕ್ ಒಡೀತು, 113 ಮಂದಿ ಹೋದ್ರು. ಅದಕ್ಕ ರನ್‌ವೇ ಮ್ಯಾಲೆ ಒಂದು ನಟ್ ಸೈತ ಬಿದ್ದಿರಬಾರದು ಅಂತ ದಿನಾ ತಪಾಸಣಿ ಮಾಡ್ತಾರ.

ಇನ್ನ ಟೈರಿನ್ಯಾಗ ಸಾದಾ ಗಾಳಿ ಅಲ್ಲ, ನೈಟ್ರೋಜನ್, ಸುಮಾರು 200 ಪಿಎಸ್‌ಐ, ಅಂದ್ರ ಕಾರಿನ ಟೈರಿನ ಒತ್ತಡದ ಸುಮಾರು ಆರು ಪಟ್ಟು. ಬ್ರೇಕ್ ವಿಪರೀತ ಕಾದ್ರ ಗಾಲಿಯೊಳಗಿನ ಫ್ಯೂಸ್ ಪ್ಲಗ್ ಕರಗಿ ಒತ್ತಡ ಹೊರಗ ಬಿಡ್ತೈತಿ, ಟೈರ್ ಸಿಡಿಯಂಗಿಲ್ಲ, ಸುಮ್ಮ ಚಪ್ಪಟಿ ಆಗ್ತೈತಿ.