ನೆಟ್ ಮೇಲಕ್ಕೆ ಎತ್ತಿ, ಗೊಬ್ಬರ ಆಮೇಲೆ

ಅಣ್ಣಾ, ಫೋಟೋ ನೋಡಿದೆ. ಯಾರೋ ಅರೆನೆರಳು ಬೇಕು ಅಂದರಂತೆ, ನೀವು 75 ಪರ್ಸೆಂಟ್ ಹಸಿರು ಶೇಡ್ ನೆಟ್ (ನೆರಳಿನ ಬಲೆ) ತಂದು ಕ್ಯಾಪ್ಸಿಕಂ ಸಸಿಗಳ ತಲೆಗೆ ತಾಗುವ ಹಾಗೆ ಕಟ್ಟಿದ್ದೀರಿ. ಈಗ ಸಸಿ ಬಡಕಲಾಗಿ ಉದ್ದ ಎಳೆದುಕೊಂಡಿವೆ, ಯಾವ ಗೊಬ್ಬರ ಕೊಡಲಿ ಅಂತ ಪ್ರಶ್ನೆ. ಏನೂ ಕೊಡಬೇಡಿ. ಅವು ಬೆಳಕು ಹುಡುಕುತ್ತಿವೆ ಅಷ್ಟೇ. ಯೂರಿಯಾ ಬಿದ್ದರೆ ಇನ್ನೂ ಸೊರಗಿ ಬಾಗುತ್ತವೆ. ಮೇಲಿನ ಕಾಮೆಂಟಿನಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ ಗೊಬ್ಬರ) ಸ್ಪ್ರೇ ಮಾಡಿ ಅಂದವರು ಫೋಟೋನೇ ನೋಡಿಲ್ಲ ಅನಿಸುತ್ತೆ. ನಮ್ಮನೇಲೂ ಒಮ್ಮೆ ಇದೇ ಆಗಿ ಟ್ರೇಗಟ್ಟಲೆ ಸಸಿ ದಂಡವಾಗಿತ್ತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೆಟ್ ಮೇಲೆ ಬರೆದ ಪರ್ಸೆಂಟ್ ಅದು ತಡೆಯುವ ಬಿಸಿಲಿನ ಲೆಕ್ಕ, ಒಳಗೆ ಬಿಡುವುದಲ್ಲ. 75 ಅಂದರೆ ಕಾಲು ಭಾಗ ಬೆಳಕು ಮಾತ್ರ. ಅದು ಆಂಥೂರಿಯಂಗೆ ಸರಿ. ಟೊಮೆಟೊ, ಕ್ಯಾಪ್ಸಿಕಂ ಸಸಿಗೆ 50 ಸಾಕು, ಮೋಡದ ದಿನಗಳಲ್ಲಿ ಅದೂ ಜಾಸ್ತಿನೇ.

ಈಗ ಎತ್ತರದ ವಿಷಯ, ಇದನ್ನು ಯಾರೂ ಹೇಳಲ್ಲ. ಸೂರ್ಯ ಒಂದು ಚುಕ್ಕಿಯಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಅದಕ್ಕೆ ಯಾವ ನೆರಳಿಗೂ ಅಂಚಿನಲ್ಲಿ ಒಂದು ಮಬ್ಬು ಭಾಗ ಇರುತ್ತೆ. ಗ್ರಹಣದ ಪಾಠದಲ್ಲಿ ಅರೆನೆರಳು ಅಂತ ಓದಿದ್ದು ಇದನ್ನೇ. ಒಂದು ವಸ್ತುವಿನ ಕಡುನೆರಳು, ಅಂದರೆ ಸೂರ್ಯ ಪೂರ್ತಿ ಮರೆಯಾಗುವ ಭಾಗ, ಆ ವಸ್ತುವಿನ ಅಗಲದ ನೂರರಷ್ಟು ದೂರ ಹೋಗುವಷ್ಟರಲ್ಲಿ ಹೆಚ್ಚುಕಮ್ಮಿ ಮುಗಿಯುತ್ತೆ. ನೆಟ್ ಎಳೆ 2 ಮಿ.ಮೀ. ಇದ್ದರೆ ಒಂದು ಗೇಣು ಕೆಳಗೆ ಕಡುನೆರಳೇ ಇಲ್ಲ, ಬರೀ ಅರೆನೆರಳು, ಎಲ್ಲ ಎಲೆಗೂ ಒಂದೇ ಸಮ ಬೆಳಕು. ನಿಮ್ಮ ಹಾಗೆ ತಲೆಗೆ ತಾಗಿಸಿದರೆ ಎಲೆ ಮೇಲೆ ಗೆರೆ ಗೆರೆ ನೆರಳು, ಜೊತೆಗೆ ಗಾಳಿ ಆಡದೆ ಬಿಸಿ ಕೂರುತ್ತೆ. ಆಳೆತ್ತರಕ್ಕಿಂತ ಮೇಲೆ ಕಟ್ಟಿ, ಓಡಾಡಲೂ ಆಗುತ್ತೆ. ಹಾಗಂತ ಎತ್ತರಿಸಿದರೆ 75 ಹೋಗಿ 50 ಆಗಲ್ಲ, ನೆಟ್ ಬದಲಿಸಲೇಬೇಕು. ಕಂಪನಿ ಹೆಸರು ಕೇಳಬೇಡಿ, ಯುವಿ ಸ್ಟೆಬಿಲೈಸ್ಡ್ (ಬಿಸಿಲು ತಾಳುವಂತೆ ಮಾಡಿದ್ದು) ಅಂತ ಇದೆಯಾ ನೋಡಿ. ಅಗ್ಗದ್ದು ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತೆ.

ತೆಂಗಿನ ಗರಿ ಚಪ್ಪರ ಇದ್ದರೂ ನಡೆಯುತ್ತೆ. ಅದರ ಕೆಳಗೆ ಬೀಳುವ ದುಂಡು ಬೆಳಕಿನ ಚುಕ್ಕಿಗಳು ಸೂರ್ಯನ ಚಿತ್ರಗಳೇ, ಸಂದಿ ಯಾವ ಆಕಾರದ್ದಾದರೂ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ನಮ್ಮ ಹೊಂಗೆ ಮರದಡಿ ಅಷ್ಟೂ ಕುಡುಗೋಲಿನ ಹಾಗೆ ಬಾಗಿದ್ದವು.

ಇನ್ನೊಬ್ಬರು ಗೋಡೆಯ ಉತ್ತರಕ್ಕೆ ಇಡಿ, ವರ್ಷವಿಡೀ ನೆರಳು ಅಂದಿದ್ದಾರೆ. ಅದು ಎಲ್ಲಿಯದೋ ವಿಡಿಯೋ ನೋಡಿ ಹೇಳಿದ್ದು. ಕೋಲಾರ, ಚಿಂತಾಮಣಿ ಎಲ್ಲ 13 ಡಿಗ್ರಿ ಅಕ್ಷಾಂಶದ ಆಸುಪಾಸು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ಗೋಡೆಯ ಉತ್ತರಕ್ಕೆ ಇಟ್ಟದ್ದು ಸುಡುತ್ತೆ. ಡಿಸೆಂಬರಿನಲ್ಲಾದರೆ ಅವರು ಹೇಳಿದ್ದು ಸರಿ. ಸುಮ್ನೆ ವಾದ ಯಾಕೆ, ಮಧ್ಯಾಹ್ನ ಸಸಿಯಿಂದ ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳಿನ ನೆರಳು ಚೂಪಾಗಿ ಬಿದ್ದರೆ ಪೂರ್ತಿ ಬಿಸಿಲು, ಮಬ್ಬಾಗಿ ಕಂಡರೆ ಅರೆನೆರಳು, ನೆರಳೇ ಬೀಳದಿದ್ದರೆ ಜಾಗ ಬದಲಿಸಿ.

ಒಂದು ಮಾತು, ಈಗಲೇ ಗಾಬರಿಯಾಗಿ ನೆಟ್ ಕಿತ್ತು ಹಾಕಬೇಡಿ. ಮೆತ್ತಗಾದ ಎಲೆ ಒಂದೇ ಮಧ್ಯಾಹ್ನಕ್ಕೆ ಬೆಳ್ಳಗೆ ಸುಟ್ಟುಹೋಗುತ್ತೆ. ಮೊದಲು ಬೆಳಗಿನ ಹೊತ್ತು ಮಾತ್ರ ಸರಿಸಿ, ದಿನಾ ಸ್ವಲ್ಪ ಹೆಚ್ಚಿಸಿ, ನೀರು ಕಡಿಮೆ ಮಾಡಿ. ಕಾಂಡ ಗಟ್ಟಿಯಾದ ಮೇಲೆ ನಾಟಿ. ನೆಲಕ್ಕೆ ಮಲಗಿದ ಸಸಿ ಬಿಟ್ಟುಬಿಡಿ, ಉಳಿದವು ಬದುಕುತ್ತವೆ.