ಫ್ಲಾಸ್ಕ್ ಫಳಫಳ, ಇಡ್ಲಿ ಪಾತ್ರೆ ಕಪ್ಪು!

ಪ್ರಶ್ನೆ: ನಮಸ್ಕಾರ ಸಾರ್. ನಾನು ಮನೆಯಿಂದಾನೇ ಎರಡು ಆಫೀಸಿಗೆ ಫಿಲ್ಟರ್ ಕಾಫಿ, ತಿಂಡಿ ಕಳಿಸ್ತೀನಿ. ಸ್ಟೀಲ್ ಫ್ಲಾಸ್ಕ್ ಒಳಗೆ ಕಟ್ಟಿದ್ದ ಕಾಫಿ ಕಲೆ ಎಷ್ಟು ಉಜ್ಜಿದ್ರೂ ಹೋಗ್ತಿರ್ಲಿಲ್ಲ, ನಾದಿನಿ ಹೇಳಿದ್ಲು ಅಂತ ಆನ್‌ಲೈನಲ್ಲಿ ಆಕ್ಸಿಜನ್ ಕ್ಲೀನಿಂಗ್ ಪೌಡರ್ ತರಿಸಿ ಬಿಸಿನೀರಲ್ಲಿ ನೆನೆಹಾಕಿದೆ, ಉಜ್ಜದೇನೇ ಹೊಸದರ ಥರ ಆಯ್ತು. ಅದೇ ಖುಷೀಲಿ ಮಾರನೇ ದಿನ ಇಡ್ಲಿ ಪಾತ್ರೆ, ಮಿಕ್ಸಿ ಜಾರಿನ ಮುಚ್ಚಳ, ಅತ್ತೆಯವರ ಹಿತ್ತಾಳೆ ಫಿಲ್ಟರ್ ಎಲ್ಲಾ ಒಂದೇ ಟಬ್‌ಗೆ ಹಾಕಿ ರಾತ್ರಿಯೆಲ್ಲಾ ಬಿಟ್ಟೆ. ಚೆನ್ನಾಗಿ ನೊರೆ ಬಂತು, ಕೊಳೆ ಬಿಡ್ತಿದೆ ಅನ್ಕೊಂಡೆ. ಬೆಳಿಗ್ಗೆ ನೋಡಿದ್ರೆ ಇಡ್ಲಿ ಪಾತ್ರೆ ಕಪ್ಪಗಾಗಿದೆ, ಮುಚ್ಚಳ ಮಂಜು ಮಂಜು, ಫಿಲ್ಟರ್ ಕಂದು ಬಣ್ಣ. ಅತ್ತೆ ಇನ್ನೂ ಮಾತಾಡ್ಸ್ತಿಲ್ಲ. ಆ ಪಾತ್ರೇಲಿ ಇಡ್ಲಿ ಮಾಡಬಹುದಾ?
— ಓದುಗರು, ವಿಜಯನಗರ

ಉತ್ತರ: ಮಾಡಬಹುದು ಮೇಡಂ, ಮೊದಲು ಅದನ್ನ ಹೇಳ್ಬಿಡ್ತೀನಿ. ಪಾತ್ರೆ ಕಪ್ಪಾಗಿದೆ ಅಷ್ಟೇ, ವಿಷ ಆಗಿಲ್ಲ. ಚೆನ್ನಾಗಿ ತೊಳೆದು, ಒಂದು ನಿಂಬೆಗಾತ್ರ ಹುಣಸೆಹಣ್ಣು ಕಿವುಚಿ ಪಾತ್ರೆ ತುಂಬಾ ನೀರು ಹಾಕಿ ಹದಿನೈದು ನಿಮಿಷ ಕುದಿಸಿ, ಬಹುಪಾಲು ಬೆಳ್ಳಗಾಗುತ್ತೆ. ಅಲ್ಯೂಮಿನಿಯಂ ಪಾತ್ರೇಲಿ ಸಾರು ಕುದಿಸಿದ್ರೆ ಒಳಗಡೆ ಬೆಳ್ಳಗಾಗೋದು ನೋಡಿರ್ತೀರಲ್ಲ, ಅದೇ ಹುಳಿಯ ಕೆಲಸ. ಆದ್ರೆ ಬೆರಳಾಡಿಸಿದಾಗ ಸಣ್ಣ ಸಣ್ಣ ಗುಳಿ ಸಿಕ್ತಿದ್ರೆ ಆ ಪಾತ್ರೆ ಗುಜರಿಗೇ ಹಾಕಿ.

ಈಗ ಏನಾಯ್ತು ಅಂತ ನೋಡಿ. ಈ ಪೌಡರ್ ಹೆಸರು ಸೋಡಿಯಂ ಪರ್ಕಾರ್ಬೊನೇಟ್, ನೀರಿಗೆ ಬಿದ್ದ ತಕ್ಷಣ ಎರಡಾಗುತ್ತೆ, ಒಂದು ವಾಷಿಂಗ್ ಸೋಡಾ, ಇನ್ನೊಂದು ಹೈಡ್ರೋಜನ್ ಪೆರಾಕ್ಸೈಡ್. ಸೋಡಾ ಕಾಫಿಯ ಎಣ್ಣೆ ಜಿಡ್ಡನ್ನ ಸಡಿಲ ಮಾಡುತ್ತೆ, ಪೆರಾಕ್ಸೈಡಿಂದ ಬರೋ ಆಕ್ಸಿಜನ್ ಕಲೆಯ ಬಣ್ಣ ಮುರಿಯುತ್ತೆ, ಅದಕ್ಕೇ ನಿಮ್ಮ ಫ್ಲಾಸ್ಕ್ ಹಾಗೆ ಹೊಳೀತು. ಸ್ಟೇನ್‌ಲೆಸ್ ಸ್ಟೀಲ್‌ಗೆ ಇದು ನಿಜಕ್ಕೂ ಒಳ್ಳೇದು, ಸ್ಟೀಲ್‌ನಲ್ಲಿ ತೂತು ಕೊರೆಯೋ ಬ್ಲೀಚಿಂಗ್ ಪೌಡರ್‌ಗಿಂತ ಸಾವಿರ ಪಾಲು ವಾಸಿ. ಆದ್ರೆ ಈ ನೀರಿನ ಪಿಎಚ್ ಸುಮಾರು 10.5, ಅಂದ್ರೆ ಗಟ್ಟಿ ಕ್ಷಾರ. ಅಲ್ಯೂಮಿನಿಯಂ ಮೈಮೇಲೆ ತೆಳ್ಳಗೆ ಒಂದು ಆಕ್ಸೈಡ್ ಪೊರೆ ಇರುತ್ತೆ, ಅದೇ ಅದರ ಕವಚ, ಕ್ಷಾರ ಅದನ್ನ ಕರಗಿಸಿ ಒಳಗಿನ ಲೋಹವನ್ನೇ ತಿನ್ನೋಕೆ ಶುರು ಮಾಡುತ್ತೆ, ಆಗ ಹೈಡ್ರೋಜನ್ ಗುಳ್ಳೆ ಏಳುತ್ತೆ. ನೀವು ಕೊಳೆ ಬಿಡ್ತಿದೆ ಅನ್ಕೊಂಡ ನೊರೇಲಿ ಒಂದಷ್ಟು ನಿಮ್ಮ ಪಾತ್ರೆಯೇ ಹೋಗ್ತಿದ್ದದ್ದು! ಪೌಡರ್ ತಾನಾಗೇ ನೊರೆ ಬಿಡುತ್ತಾದ್ದರಿಂದ ನೋಡಿ ಗೊತ್ತಾಗಲ್ಲ, ನಿಮ್ಮ ತಪ್ಪೇನಿಲ್ಲ. ಹಾರ್ಡ್ ಆನೊಡೈಸ್ಡ್ ಕುಕ್ಕರು, ನಾನ್‌ಸ್ಟಿಕ್ ಕಾವಲಿಯ ತಳ, ಕೆಲವು ಮಿಕ್ಸಿ ಜಾರಿನ ಅಡಿಭಾಗ, ಇವೂ ಅಲ್ಯೂಮಿನಿಯಮ್ಮೇ, ಹಾಕ್ಬೇಡಿ. ಸತುವಿನ ಲೇಪನ ಇರೋ ಬಕೆಟ್ಟೂ ಬೇಡ. ಅಲ್ಯೂಮಿನಿಯಂ ಕಂಡುಹಿಡಿಯೋಕೆ ಮ್ಯಾಗ್ನೆಟ್ ನಂಬ್ಬೇಡಿ, ಎಷ್ಟೋ ಒಳ್ಳೆ ಸ್ಟೀಲಿಗೂ ಅದು ಅಂಟಲ್ಲ, ಕೈಯಲ್ಲಿ ಎತ್ತಿ ನೋಡಿ, ಗಾತ್ರಕ್ಕೆ ಹೋಲಿಸಿದ್ರೆ ತೀರಾ ಹಗುರ ಅನ್ಸುತ್ತೆ.

ಹಿತ್ತಾಳೆ ಫಿಲ್ಟರಿಗೂ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಬಣ್ಣ ವಾಪಸ್ ಬರುತ್ತೆ, ಅತ್ತೆಯವರೂ ಬರ್ತಾರೆ ಅಂತ ಆಶಿಸೋಣ.

ಮುಚ್ಚಳ ಮಾತ್ರ ಕಷ್ಟ. ಗಾಜಿನಂಗೆ ಕಾಣೋ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಕಾರ್ಬೊನೇಟ್, ಬಿಸಿ ಕ್ಷಾರದಲ್ಲಿ ರಾತ್ರಿಯೆಲ್ಲಾ ಇದ್ರೆ ಮಂಜಾಗುತ್ತೆ, ಕೂದಲೆಳೆ ಬಿರುಕು ಬರುತ್ತೆ, ಅದು ಸರಿಹೋಗಲ್ಲ. ಬಿರುಕು ಕಂಡ್ರೆ ಬದಲಾಯಿಸಿ. ಅಡೀಲಿರೋ ತ್ರಿಕೋನದೊಳಗಿನ ನಂಬರ್ ನೋಡಿ, 2 ಮತ್ತು 5 ಆದ್ರೆ ಧೈರ್ಯವಾಗಿ ನೆನೆಹಾಕಿ. 1 ಇದ್ರೆ ಉಗುರುಬೆಚ್ಚಗಿನ ನೀರೇ ಗತಿ, ಬಿಸಿಗೆ ಸೊಟ್ಟಗಾಗುತ್ತೆ. 7 ಇದ್ರೆ ಅದು ಈ ಪಾಲಿಕಾರ್ಬೊನೇಟೇ ಇರಬಹುದು, ತಣ್ಣೀರಲ್ಲಿ ಹತ್ತು ನಿಮಿಷ, ಅಷ್ಟೇ. 20 ಲೀಟರ್ ನೀರಿನ ಕ್ಯಾನ್‌ಗಳಲ್ಲೂ ಎಷ್ಟೋ ಇದೇ ಜಾತಿ.

ಸ್ಟೀಲ್‌ಗೆ ಅಳತೆ ಲೀಟರಿಗೆ ಒಂದು ಟೀ ಚಮಚ, ಹಳೇ ಕಲೆಗೆ ಎರಡು, ಪ್ಯಾಕೆಟ್ ಮೇಲೆ ಬೇರೆ ಬರೆದಿದ್ರೆ ಅದೇ ಸರಿ. ನೀರು 50–60 ಡಿಗ್ರಿ ಸಾಕು, ಅರ್ಧ ಗಂಟೆ ನೆನೆದ್ರೆ ಸಾಕು, ರಾತ್ರಿಯೆಲ್ಲಾ ಬಿಡೋದ್ರಿಂದ ಏನೂ ಲಾಭ ಇಲ್ಲ, ಕೆಲವೇ ಗಂಟೇಲಿ ಆಕ್ಸಿಜನ್ ಎಲ್ಲಾ ಹಾರಿಹೋಗಿರುತ್ತೆ. ಒಂದು ಮಾತು ಮರೀಬೇಡಿ, ಫ್ಲಾಸ್ಕಿಗೆ ಹಾಕಿದಾಗ ಮುಚ್ಚಳ ತಿರುಗಿಸಿ ಮುಚ್ಚಲೇಬೇಡಿ. ಒಳಗೆ ಗ್ಯಾಸ್ ತುಂಬಿ ಒತ್ತಡ ಬಂದು ಮುಚ್ಚಳ ಹಾರಿ ಬಿಸಿ ಕ್ಷಾರ ಮುಖಕ್ಕೆ ಎರಚುತ್ತೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಕಣ್ಣಿಗೆ ಬಿದ್ರೆ ಹದಿನೈದು ನಿಮಿಷ ನಲ್ಲಿ ಕೆಳಗೆ ತೊಳೆದು ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ಇದನ್ನ ಸ್ಪ್ರೇ ಬಾಟಲೀಲಿ ಕಲಸಿ ಇಟ್ಕೊಂಡು, ಜೊತೆಗೆ ವಿನೆಗರ್ ಸೇರಿಸಬಹುದಾ? ತೊಳೆದ ಮೇಲೆ ಪಾತ್ರೆ ಮೇಲೆ ಬಿಳಿ ಪುಡಿ ಉಳಿಯುತ್ತೆ, ಯಾಕೆ?
— ಓದುಗರು, ಯಲಹಂಕ

ಉತ್ತರ: ಕಲಸಿ ಇಡೋದು ಬೇಡವೇ ಬೇಡ, ಬಾಟಲಿ ಉಬ್ಬಿ ಒಡೆಯುತ್ತೆ. ವಿನೆಗರ್ ಹಾಕಿದ್ರೆ ಹುಳಿ, ಕ್ಷಾರ ಒಂದನ್ನೊಂದು ಕೊಂದುಕೊಂಡು ಎರಡೂ ದಂಡ, ಮೇಲಾಗಿ ಪೆರಾಕ್ಸೈಡ್ ಜೊತೆ ಸೇರಿ ಉಸಿರಾಟಕ್ಕೆ ಉರಿ ಬರೋ ಅಂಥದ್ದು ಹುಟ್ಟಬಹುದು. ಬ್ಲೀಚ್ ಅಂತೂ ಹತ್ರಾನೂ ತರಬೇಡಿ. ಬಿಳಿ ಪುಡಿ ಕತೆ ಬೇರೆ, ನಿಮ್ಮಲ್ಲಿ ಬೋರ್ ನೀರು ತಾನೇ? ಅದರಲ್ಲಿರೋ ಸುಣ್ಣದಂಶ ಸೋಡಾ ಜೊತೆ ಸೇರಿ ಪಾತ್ರೆ ಮೇಲೆ ಕೂತ್ಕೊಳ್ಳುತ್ತೆ. ಮೊದಲು ಸೋಡಾ ನೀರೆಲ್ಲಾ ಎರಡು ಸಲ ತೊಳೆದು ಚೆಲ್ಲಿ, ಆಮೇಲೆ ಸ್ಟೀಲ್ ಪಾತ್ರೆಗೆ ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿದ ನೀರಲ್ಲಿ ಒಂದು ಸಲ ಜಾಲಿಸಿ, ಹೋಗುತ್ತೆ. ಕೊನೇ ಸಲ ತೊಳೆಯೋಕೆ ಕಾವೇರಿ ನೀರು ಸಿಕ್ಕಿದ್ರೆ ಇನ್ನೂ ಒಳ್ಳೇದು.